ಚಾಚಾ ಗುಡಿಸುತ್ತಿದ್ದ ಬೀದಿ

ಮೊನ್ನೆ ಸಂಜೆ ಎದುರು ಸೈಟಿನ ಮುಂದೆ ಟ್ರ್ಯಾಕ್ಟರೊಂದು ಒಂದು ಲೋಡ್ ಎಂ-ಸ್ಯಾಂಡ್, ಅದೇ ಕಲ್ಲು ಪುಡಿ ಮಾಡಿದ ಮರಳು, ಸುರಿದು ಹೋಯಿತು. ಮನೆ ಕಟ್ಟಿಸುವವರ ಕಡೆಯ ಆಳು ದೂಳು ಏಳದಿರಲಿ ಅಂತ ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸಿದ. ಕಿಟಕಿಯಿಂದ ವಾಸನೆ ಒಳಗೆ ಬಂತು. ಮಳೆ ಬಿದ್ದ ಮಣ್ಣಿನ ವಾಸನೆ ಅಲ್ಲ ಅದು. ದೂಳು ಅರ್ಧ ನೆನೆದು ಅರ್ಧ ಹಾಗೇ ಉಳಿದಾಗ ಬರುವ ಒಣ ವಾಸನೆ. ಸೊಪ್ಪು ಸೋಸುತ್ತಾ ಕೂತಿದ್ದ ನಾನು ಕೈ ನಿಲ್ಲಿಸಿದೆ. ಈಗ ಮುಳ್ಳುಕೊಂಬೆ ಎಳೆಯುವ ಸದ್ದು ಬರಬೇಕಲ್ಲ ಅನ್ನಿಸಿತು. ಬರಲಿಲ್ಲ. ಬರುವುದಾದರೂ ಎಲ್ಲಿಂದ...

ಆ ಸೈಟಿನಲ್ಲಿ ಮೊದಲು ಒಂದು ಹೆಂಚಿನ ಮನೆ ಇತ್ತು. ಅಲ್ಲಿ ಚಾಚಾ ಇದ್ದರು. ಗಡಿ ಕಾಯುವ ಪಡೆಯಲ್ಲಿ ಇಡೀ ವಯಸ್ಸು ಕಳೆದು, ರಿಟೈರಾಗಿ, ಹುಟ್ಟಿದ ಊರು ಸೂಲಿಬೆಲೆಗೆ ವಾಪಸು ಬಂದವರು. ಬೀದಿಯವರೆಲ್ಲ ಅವರನ್ನು ಮಿಲಿಟ್ರಿ ಚಾಚಾ ಅನ್ನುತ್ತಿದ್ದರು. ಹಾಗೆ ಕರೆದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ.

"ಮಿಲಿಟ್ರಿ ಬೇರೆ, ನಾವು ಬೇರೆ ಕಣಮ್ಮಾ. ಯುದ್ಧ ಬಂದ್ರೆ ಮಿಲಿಟ್ರಿ ಬರುತ್ತೆ. ಯುದ್ಧ ಇಲ್ದಿದ್ ದಿನಾನೂ ಅಲ್ಲೇ ಇರೋರು ನಾವು."

ಮೊದಲೆಲ್ಲ ಗಡಿಗೆ ಅಂತ ಬೇರೆ ಪಡೆಯೇ ಇರಲಿಲ್ಲವಂತೆ. ಆಯಾ ರಾಜ್ಯದ ಪೊಲೀಸರೇ ಕಾಯುತ್ತಿದ್ದರಂತೆ. ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾದ ಮೇಲೆ, ಇದು ಪೊಲೀಸರ ಕೈಲಾಗುವ ಕೆಲಸವಲ್ಲ ಅಂತ ಇಡೀ ದೇಶಕ್ಕೇ ಒಂದು ಪಡೆ ಕಟ್ಟಿದರಂತೆ. ಇದನ್ನೆಲ್ಲ ಚಾಚಾ ನಮ್ಮ ಜಗಲಿಯ ಮೇಲೆ ಕೂತು, ಅವರ ಮನೆಯ ಹಳೇ ಸಂಗತಿ ಅನ್ನುವ ಹಾಗೆ ಹೇಳುತ್ತಿದ್ದರು. ಮರಳುಗಾಡಿನ ಪೋಸ್ಟು, ಒಂಟೆಯ ಮೇಲೆ ಗಸ್ತು, ಹಗಲೆಲ್ಲ ಕಾದು ಸಂಜೆ ತಣ್ಣಗಾಗುವ ಮರಳು... ಅಮ್ಮ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದಳು. ನಾನು ಹೊಸಕೋಟೆಯ ಕಾರ್ಖಾನೆಯಿಂದ ದಣಿದು ಬಂದವಳು, ಗೋಡೆಗೆ ಒರಗಿ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಆ ಮರಳುಗಾಡು ನಮ್ಮ ಬೀದಿಯ ಆ ತುದಿಯಲ್ಲೇ, ಕೆರೆಯ ದಾರಿಯಲ್ಲೆಲ್ಲೋ ಇದೆ ಅನ್ನಿಸುತ್ತಿತ್ತು.

ಅಲ್ಲಿ ಬೇಲಿಯ ಪಕ್ಕಕ್ಕೆ ಉದ್ದಕ್ಕೂ ಒಂದು ಪಟ್ಟಿ ಮರಳನ್ನು ಖಾಲಿ ಬಿಟ್ಟಿರುತ್ತಿದ್ದರಂತೆ. ಸಂಜೆ ಒಂಟೆಗೆ ಮುಳ್ಳಿನ ಪೊದೆ ಕಟ್ಟಿ ಎಳೆಸಿ ಆ ಪಟ್ಟಿಯನ್ನು ನುಣ್ಣಗೆ ಮಾಡುವುದು, ಬೆಳಗಾಗುತ್ತಲೇ ಅದರ ಪಕ್ಕ ನಡೆಯುತ್ತಾ ಹೆಜ್ಜೆ ಹುಡುಕುವುದು. ಯಾರು ದಾಟಿದರು, ಯಾವ ಕಡೆಗೆ, ತಲೆಯ ಮೇಲೆ ಹೊರೆ ಇತ್ತೋ ಇಲ್ಲವೋ, ಎಲ್ಲವನ್ನೂ ಮರಳು ಹೇಳುತ್ತಿತ್ತಂತೆ.

ರಿಟೈರಾದ ಮೇಲೂ ಈ ಚಟ ಅವರನ್ನು ಬಿಡಲಿಲ್ಲ. ನಮ್ಮದು ಆಗ ಮಣ್ಣಿನ ಬೀದಿ. ಸಂಜೆ ನಮಾಜಿಗೆ ಹೋಗುವ ಮುಂಚೆ ದೂಳಿಗೆ ಒಂದಿಷ್ಟು ನೀರು ಚಿಮುಕಿಸಿ, ಜಾಲಿಯ ಕೊಂಬೆಯೊಂದಕ್ಕೆ ಹಗ್ಗ ಕಟ್ಟಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದರು. ಒಂಟೆಯೊಂದು ಇರಲಿಲ್ಲ ಅಷ್ಟೇ. ಬೆಳಿಗ್ಗೆ ಖಾಕಿ ಕ್ಯಾನ್ವಾಸ್ ಶೂ ಹಾಕಿ, ಕೈ ಹಿಂದಕ್ಕೆ ಕಟ್ಟಿ, ಬಗ್ಗಿ ನೋಡುತ್ತಾ ಬರುತ್ತಿದ್ದರು.

"ನಮ್ ಬೀದಿಗೆ ಯಾವ್ ದೇಶದೋರು ನುಗ್ತಾರೆ ಚಾಚಾ?" ಅಂತ ನಾನು ರೇಗಿಸುತ್ತಿದ್ದೆ.

"ದೇಶದೋರು ಬರಲ್ಲ. ನಿಮ್ಮ್ ಕೋಳಿ ಬರ್ತಾವೆ ನಮ್ಮ್ ಕೊತ್ತಂಬರಿ ಮಡಿಗೆ."

ಇಷ್ಟೇ ಆಗಿದ್ದರೆ ಅದೊಂದು ತಮಾಷೆಯಾಗಿ ಉಳಿದುಬಿಡುತ್ತಿತ್ತು. ಆದರೆ ಅಮ್ಮನಿಗೆ ಮರೆವು ಶುರುವಾಯಿತು. ಮೊದಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ನೆಂಟರ ಮುಖ. ಕೊನೆಗೆ ಅಪ್ಪ ತೀರಿಕೊಂಡಿದ್ದೂ ಮರೆತುಹೋಯಿತು. ಹೊತ್ತು ಹುಟ್ಟುವ ಮುಂಚೆ ಎದ್ದು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಪ್ಪನ ದೊಡ್ಡ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ಎಲ್ಲಿಗೆ ಅಂದರೆ ಹೊಲಕ್ಕೆ ಬುತ್ತಿ ಕೊಡಬೇಕು ಅನ್ನುತ್ತಿದ್ದಳು. ಬೀದಿ ಮುಗಿದರೆ ರಾಗಿ ಹೊಲ, ಅದು ಮುಗಿದರೆ ಕೆರೆ. ಆ ವರ್ಷ ಕೆರೆ ತುಂಬಿತ್ತು.

ನಮ್ಮಣ್ಣ ಬಂದವನು ಬಾಗಿಲಿಗೆ ಹೊಸದೊಂದು ಬೀಗ ತಂದುಕೊಟ್ಟ. "ಹೊರಗಿಂದ ಹಾಕ್ಬಿಡು, ಇಬ್ಬರಿಗೂ ನೆಮ್ಮದಿ," ಅಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಅಮ್ಮ ಕೆರೆಗೆ ಬಿದ್ದರೆ ಯಾರು ಹೊಣೆ? ಆದರೆ ತನ್ನ ಮನೆಯಲ್ಲೇ ಬಾಗಿಲು ಬಡಿಯುತ್ತಾ ನಿಲ್ಲುವ ಅಮ್ಮನನ್ನು ನೆನೆದರೆ ಬೀಗ ಹಾಕಲು ಕೈ ಬರಲಿಲ್ಲ. ಆ ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಚಾಚಾ ಮನೆಗೆ ಹೋದೆ.

ಅವರು ಬೀಗ ನೋಡಿದರು. ಆಮೇಲೆ ಬಂಗಾಳದ ಕಡೆಯ ಒಂದು ಪೋಸ್ಟಿನ ಸುದ್ದಿ ತೆಗೆದರು. ಅಲ್ಲಿ ಬೇಲಿಯ ಆಚೆಗೂ ನಮ್ಮವರದೇ ಗದ್ದೆಗಳಿದ್ದವಂತೆ. ಬೆಳಿಗ್ಗೆ ಇವರು ಗೇಟು ತೆಗೆದರೆ ರೈತರು ಎತ್ತು ಹೊಡೆದುಕೊಂಡು ಆಚೆ ಹೋಗಿ, ಉತ್ತು, ಸಂಜೆಗೆ ಈಚೆ ಬರುತ್ತಿದ್ದರಂತೆ.

"ಎಲ್ಲಾರೂ ವಾಪಸ್ ಬಂದ್ರಾ ಅಂತ ನೋಡೋದೇ ನಮ್ಮ್ ಡ್ಯೂಟಿ. ಯಾರಾದ್ರೂ ಬರ್ಲಿಲ್ಲ ಅಂದ್ರೆ ಊಟ ಸೇರ್ತಿರ್ಲಿಲ್ಲ," ಅಂದರು. "ಬೀಗ ಒಳಗಿಡು ಬೇಟಾ. ಅಕ್ಕ ಹೋಗ್ಲಿ, ಬರ್ಲಿ. ನಾನ್ ನೋಡ್ಕೋತೀನಿ."

ಅವತ್ತಿನಿಂದ ಚಾಚಾ ಬೀದಿ ಗುಡಿಸುವುದಕ್ಕೆ ಅರ್ಥ ಬಂತು. ಬೆಳಿಗ್ಗೆ ಒಂದು ಸಣ್ಣ, ಒಂದು ದೊಡ್ಡ ಚಪ್ಪಲಿಯ ಗುರುತು ನುಣ್ಣನೆ ಮಣ್ಣಿನ ಮೇಲೆ ಕಂಡರೆ ಸಾಕು, ಅವರು ಅದರ ಹಿಂದೆಯೇ ಹೊರಡುತ್ತಿದ್ದರು. ಅಮ್ಮನನ್ನು ತಡೆಯುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ, ಗಸ್ತಿನವರ ಹಾಗೆ ನಡೆಯುತ್ತಿದ್ದರು. ಅವಳು ದಣಿದು ನಿಂತಾಗ, ಎದುರಿಗೆ ಸಿಕ್ಕವರ ಹಾಗೆ, "ಏನಕ್ಕಾ, ಈ ಕಡೆ?" ಅನ್ನುತ್ತಿದ್ದರು. ಅಮ್ಮ, "ಓ ಸಾಬ್ರೇ, ಬನ್ನಿ ಬನ್ನಿ, ಕಾಫಿ ಕುಡ್ಕೊಂಡ್ ಹೋಗೀರಂತೆ," ಅಂತ ಅವರನ್ನೇ ಮನೆಗೆ ಕರೆತರುತ್ತಿದ್ದಳು.

ಒಂದು ದಿನ ಹಾಗಾಗಲಿಲ್ಲ. ಚಳಿಗಾಲ, ದಟ್ಟ ಮಂಜು. ಎದ್ದು ನೋಡುತ್ತೇನೆ, ಅಮ್ಮನ ಹಾಸಿಗೆ ಖಾಲಿ. ಓಡಿ ಹೊರಗೆ ಬಂದರೆ ಚಾಚಾ ಎಂದಿನಂತೆ ಬೀದಿಯಲ್ಲಿದ್ದರು.

"ಹೊರಗ್ ಹೋದ ಹೆಜ್ಜೆ ಇಲ್ಲ ಬೇಟಾ. ಒಳಗೇ ಇದ್ದಾರೆ, ನೋಡು," ಅಂದರು ನಿರಾಳವಾಗಿ.

ಬಾಗಿಲಲ್ಲಿ ಎರಡು ಜೊತೆ ಚಪ್ಪಲಿಯೂ ಹಾಗೇ ಇದ್ದವು. ಬೀದಿ ನುಣ್ಣಗಿತ್ತು. ಬಚ್ಚಲು, ಅಟ್ಟ, ಹಿತ್ತಿಲಿನ ಸೌದೆ ಕೊಟ್ಟಿಗೆ, ಎಲ್ಲಾ ಹುಡುಕಿದೆ. ಅಮ್ಮ ಇರಲಿಲ್ಲ. ಕಡ್ಡಿಪೊರಕೆಯೂ ಇರಲಿಲ್ಲ. ಮತ್ತೆ ಹೊರಗೆ ಬಂದು ಬಗ್ಗಿ ನೋಡಿದೆ. ಚಾಚಾನ ಮುಳ್ಳುಕೊಂಬೆಯ ಗೀರುಗಳು ಬೀದಿಯುದ್ದಕ್ಕೂ ನೇರವಾಗಿರುತ್ತವೆ. ನಮ್ಮ ಹೊಸ್ತಿಲಿನಿಂದ ಆಚೆಗೆ ಗೀರುಗಳು ನೇರವಾಗಿರಲಿಲ್ಲ. ಅರ್ಧಚಂದ್ರ, ಅದರ ಹಿಂದೆ ಇನ್ನೊಂದು ಅರ್ಧಚಂದ್ರ.

ಅಂಗಳ ಗುಡಿಸುವ ಹೆಂಗಸರೆಲ್ಲ ಬಲ್ಲ ಕೆಲಸ ಇದು. ಗುಡಿಸಿದ ಜಾಗದ ಮೇಲೆ ತಮ್ಮ ಹೆಜ್ಜೆ ಬೀಳಬಾರದು ಅಂತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಗುಡಿಸುತ್ತಾರೆ. ಅಮ್ಮ ಬರಿಗಾಲಲ್ಲಿ, ತನ್ನ ಹೆಜ್ಜೆಯನ್ನು ತಾನೇ ಗುಡಿಸಿಕೊಂಡು, ಹಿಂದಕ್ಕೆ ನಡೆಯುತ್ತಲೇ ಹೋಗಿಬಿಟ್ಟಿದ್ದಳು.

"ಗುಡಿಸ್ಕೊಂಡ್ ಹೋಗವ್ಳೆ ಚಾಚಾ!"

ಅವರ ಮುಖ ಬಿಳಿಚಿಕೊಂಡಿದ್ದು ಮಂಜಿನಲ್ಲೂ ಕಂಡಿತು. ಇಬ್ಬರೂ ಅರ್ಧಚಂದ್ರಗಳ ಹಿಂದೆ ಓಡಿದೆವು. ಬೀದಿ ಮುಗಿಯಿತು. ರಾಗಿ ಹೊಲದ ನಡುವಿನ ಗಾಡಿದಾರಿಯಲ್ಲೂ ಪೊರಕೆಯ ಗುರುತು ಹಾಗೇ ಸಾಗಿತ್ತು. ಆಚೆ ಏನೂ ಕಾಣಿಸುತ್ತಿರಲಿಲ್ಲ. ಕೆರೆ ಎಲ್ಲಿ ಶುರುವಾಗುತ್ತದೆ ಅಂತಲೂ ಗೊತ್ತಾಗುತ್ತಿರಲಿಲ್ಲ, ನೀರು ಮಂಜು ಎರಡೂ ಒಂದೇ ಬಣ್ಣ. ಅವಳು ನೀರಿಗೆ ಬೆನ್ನು ಮಾಡಿ ಹೋಗುತ್ತಿದ್ದಾಳೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಆ ದಾರಿ ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಅದು ಮುಗಿಯುವುದೇ ಇಲ್ಲ...

ಮೊದಲು ಸದ್ದು ಕೇಳಿಸಿತು. ಸರ್, ಸರ್ ಅಂತ ಪೊರಕೆಯ ಸದ್ದು. ಅಮ್ಮ ಕೆರೆಯ ಏರಿಯ ಕೆಳಗೆ, ನೀರಿನಂಚಿಗೆ ಬೆನ್ನು ಮಾಡಿ, ಬಗ್ಗಿ ಗುಡಿಸುತ್ತಿದ್ದಳು. ಚಾಚಾ ಕೂಗಲಿಲ್ಲ. ಸುತ್ತು ಹಾಕಿ, ಶೂ ಸಮೇತ ನೀರಿಗಿಳಿದು, ಅವಳ ಹಿಂದೆ ಸುಮ್ಮನೆ ನಿಂತುಕೊಂಡರು. ಅಮ್ಮ ಹಿಂದಕ್ಕೆ ಸರಿದವಳು ಅವರಿಗೆ ತಾಗಿ ತಿರುಗಿದಳು.

"ಎಷ್ಟ್ ದೊಡ್ಡ ಅಂಗಳ ಸಾಬ್ರೇ ಇದು, ಮುಗೀತಾನೇ ಇಲ್ಲ!"

"ಮುಗಿಯಲ್ಲ ಅಕ್ಕಾ," ಅಂದರು ಚಾಚಾ, ಪೊರಕೆ ತೆಗೆದುಕೊಳ್ಳುತ್ತಾ. "ನಾನೂ ಜೀವನವೆಲ್ಲಾ ಗುಡಿಸ್ದೆ. ಬನ್ನಿ, ಕಾಫಿ ಕುಡಿಯೋಣ."

ಮೂವರೂ ವಾಪಸು ಬಂದೆವು. ಚಾಚಾ ಜಗಲಿಯ ಮೇಲೆ ಕೂತು ಒದ್ದೆ ಶೂ ಬಿಚ್ಚುತ್ತಾ, ನನಗಷ್ಟೇ ಕೇಳುವ ಹಾಗೆ ಹೇಳಿದರು. "ಅಲ್ಲಿ ಕಂಬಳಿ ಎಳ್ಕೊಂಡು ಹೆಜ್ಜೆ ಅಳಿಸ್ಕೊಂಡ್ ದಾಟೋರು ಇರ್ತಿದ್ರು. ನಂಗೆ ಗೊತ್ತಿಲ್ದೇ ಇರೋದಲ್ಲ. ಅಕ್ಕನ್ನ ಅವ್ರ ಹಂಗೆ ನೋಡಕ್ಕೆ ಮನಸೇ ಬರ್ಲಿಲ್ಲ." ಮಾರನೇ ದಿನದಿಂದ ಹೆಜ್ಜೆ ಬೀಳಲಿ ಅಂತ ಅವರು ಕಾಯಲಿಲ್ಲ; ಹೊತ್ತು ಹುಟ್ಟುವ ಮುಂಚೆಯೇ ನಮ್ಮ ಜಗಲಿಯ ಮೇಲೆ ಬಂದು ಕೂತಿರುತ್ತಿದ್ದರು. ಕೊಂಬೆ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ಅಣ್ಣ ಕೊಟ್ಟ ಬೀಗ ಕಪಾಟಿನಲ್ಲೇ ತುಕ್ಕು ಹಿಡಿಯಿತು.

ಅಮ್ಮನಿಗಿಂತ ಮೊದಲು ಚಾಚಾನೇ ಹೋದರು. ಎದೆನೋವು ಅಂದರಂತೆ, ಅವರ ಹೆಂಡತಿ ಚಾಚಿ ನೀರು ತರುವಷ್ಟರಲ್ಲಿ ಮುಗಿದಿತ್ತು. ಹೊಸಕೋಟೆ, ಅನುಗೊಂಡನಹಳ್ಳಿ ಕಡೆಯಿಂದೆಲ್ಲ ಜನ ಬಂದರು. ಹೆಗಲ ಮೇಲೆ ಹೊತ್ತುಕೊಂಡು ಹೊರಟಾಗ ಬೀದಿಯ ತುಂಬ ಹೆಜ್ಜೆಯ ಮೇಲೆ ಹೆಜ್ಜೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಯಾರು, ಏನು ಅಂತ ಕೇಳಲಿಲ್ಲ. ಅವಳಿಗೆ ತಿಳಿಯಿತೋ ಇಲ್ಲವೋ ನನಗೂ ಗೊತ್ತಾಗಲಿಲ್ಲ.

ಸಂಜೆ ಸರಸರ ಸದ್ದು ಕೇಳಿ ಹೊರಗೆ ಬಂದೆ. ಚಾಚಾನ ಗೋಡೆಗೆ ಒರಗಿದ್ದ ಮುಳ್ಳುಕೊಂಬೆಯ ಹಗ್ಗ ಹಿಡಿದು ಅಮ್ಮ ಬೀದಿಯಲ್ಲಿ ಎಳೆಯುತ್ತಿದ್ದಳು. ಬಂದವರ, ಹೊತ್ತವರ, ಅತ್ತವರ ಹೆಜ್ಜೆಗಳೆಲ್ಲ ಅಳಿಸಿಹೋಗುತ್ತಿದ್ದವು. ನಾನು ತಡೆಯಲಿಲ್ಲ. ಬೆಳಿಗ್ಗೆ ಅವಳು ಕೈ ಹಿಂದಕ್ಕೆ ಕಟ್ಟಿ, ಬಗ್ಗಿ, ಬೀದಿಯನ್ನು ನೋಡುತ್ತಾ ನಿಂತಿದ್ದಳು. ಹಾಲಿನವನದು, ಚಾಚಿಯ ತಮ್ಮನದು, ಯಾವುದೋ ನಾಯಿಯದು... ಕ್ಯಾನ್ವಾಸ್ ಶೂನ ಗುರುತು ಮಾತ್ರ ಇರಲಿಲ್ಲ.

"ಹೊರಗ್ ಹೋದ ಹೆಜ್ಜೆ ಇಲ್ಲ ಕಣೇ," ಅಂದಳು ಅಮ್ಮ ನಿರಾಳವಾಗಿ. "ಸಾಬ್ರು ಒಳಗೇ ಅವ್ರೆ."

ಅವತ್ತು ನಾನು ಅತ್ತಷ್ಟು ಮುಂದೆ ಅಮ್ಮ ಹೋದಾಗಲೂ ಅಳಲಿಲ್ಲ.

ಅಮ್ಮ ಹೋದ ಮೇಲೆ ಬೀದಿಗೆ ಸಿಮೆಂಟು ಬಂತು. ಅದರ ಮೇಲೆ ಆನೆ ನಡೆದರೂ ಗುರುತು ಉಳಿಯುವುದಿಲ್ಲ. ಚಾಚಿ ಹೊಸಕೋಟೆಯ ಮಗಳ ಮನೆಗೆ ಹೋದರು. ಮನೆ ಮಾರಾಟವಾಯಿತು, ಹೋದ ತಿಂಗಳು ಅದನ್ನು ಕೆಡವಿದರು.

ಮೊನ್ನೆ ಸೊಪ್ಪನ್ನು ಹಾಗೇ ಬಿಟ್ಟು ಎದ್ದೆ. ಸೈಟಿನ ಬೇಲಿಯಲ್ಲಿದ್ದ ಜಾಲಿಕೊಂಬೆ ಕಿತ್ತುಕೊಂಡು, ಚಾಚಾನ ಬಾಗಿಲು ಇದ್ದ ಕಡೆ ಚೆಲ್ಲಿದ್ದ ಮರಳಿನ ಮೇಲೆ ಎಳೆದೆ. ಆಳು ನಕ್ಕ. ನಗಲಿ. ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೋಗಿ ನೋಡಿದೆ. ಕಾಗೆಯ ಕಾಲಿನ ಗುರುತಿತ್ತು, ಪೇಪರ್ ಹಾಕುವವನ ಸೈಕಲ್ಲಿನ ಒಂದು ಗೆರೆ ಇತ್ತು. ಹೊರಗೆ ಹೋದ ಹೆಜ್ಜೆ ಇರಲಿಲ್ಲ. ತಲೆಯೆತ್ತಿದರೆ ಎದುರಿಗೆ ಬರೀ ಪಾಯದ ಗುಂಡಿ. ಒಳಗೆ ಅನ್ನುವುದೂ ಈಗ ಇರಲಿಲ್ಲ.