ಟಾಕಿಯೊಳಗಿನ ಬೇವಿನ ಕಡ್ಡಿ

ಕಾಸಾರಶಿರಸಿಯ ಕಿರಾಣಿ ಅಂಗಡಿಯ ಗುರಲಿಂಗಪ್ಪ ಪೆಟ್ರೋಲ್ ತುಟ್ಟಿಯಾದಾಗಿನಿಂದ ಯಾರನ್ನೂ ನಂಬುವುದಿಲ್ಲ. ಪಂಪಿನಲ್ಲಿ ಮೀಟರ್ ಸೊನ್ನೆಯಿಂದ ಎದ್ದು ನಿಲ್ಲುವವರೆಗೆ ಕಣ್ಣು ಮಿಟುಕಿಸುವುದಿಲ್ಲ; ಆಮೇಲೆ ಕೊನೆಯ ಹನಿಯೂ ಬೀಳಲೆಂದು ಪೈಪನ್ನು ತಾನೇ ಎತ್ತಿ ಝಾಡಿಸುತ್ತಾನೆ. ದಾರಿಯಲ್ಲಿ ಕೈ ಮಾಡಿದವರನ್ನು ಜೋಳದ ಚೀಲ ತೂಗಿದಂತೆ ನೋಡಿ, “ಬಸ್ಸ ಬರ್ತದ, ತಡೀರಿ” ಅನ್ನುತ್ತಾನೆ. ಮುಂಜಾನೆ ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಬೈಕಿನ ಟಾಕಿಗೆ ಬೇವಿನ ಕಡ್ಡಿ ಇಳಿಸುತ್ತಾನೆ. ಹಿಂದಿನ ಸಂಜೆ ಕಡ್ಡಿಗೆ ಕೊರೆದ ಗೆರೆಗಿಂತ ಎಳ್ಳಿನಷ್ಟು ಕಡಿಮೆ ಕಂಡರೂ ಇಡೀ ಓಣಿ ಅವನಿಗೆ ಕಳ್ಳರದೇ. ಮೊನ್ನೆ ಮಾತ್ರ ಪೆಟ್ರೋಲ್ ಗೆರೆಗಿಂತ ಎರಡು ಬೆರಳು ಮೇಲೇರಿತ್ತು. “ಯಾರ ಹಾಕ್ಯಾರ? ಯಾಕ ಹಾಕ್ಯಾರ?” ಎನ್ನುತ್ತ ಬೆವರಿದ. ಹೆಂಡತಿ ಶಿವಗಂಗಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ನಾನ ತರಿಸಿ ಹಾಕೀನ್ರಿ. ನನ್ನ ತವರಮನಿ ವಲಾಂಡಿಗೆ ಹೋಗಿ ಬರೂವಷ್ಟು ಅದ. ನಮ್ಮವ್ವನ ಮಾರಿ ನೋಡಿ ವರ್ಷಾತು, ಈಗರ ಕರಕೊಂಡ ಹೋಗ್ರಿ.”