ಆಲೂಗಡ್ಡೆಗೆ ನಾಲ್ಕು ಕಾಲು

ನಮ್ಮ ಇಂಚರಾಗೆ ಗೆಳತಿ ಸಿಕ್ಕಿದ್ದಾಳೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಮಧ್ಯಾಹ್ನದಿಂದ ಕಂಡಕಂಡವರಿಗೆಲ್ಲ ಹೇಳುತ್ತಲೇ ಇದ್ದೇನೆ. ಟಪಾಲು ಹಾಕಲು ಬಂದವನಿಗೆ ಹೇಳಿದೆ. ಪಕ್ಕದ ಮನೆಯ ಮುದುಕ ಅಂಗಳದ ಎಲೆ ಗುಡ್ಡೆ ಮಾಡುತ್ತಿದ್ದ, ಅವನನ್ನೂ ನಿಲ್ಲಿಸಿ ಹೇಳಿದೆ. ಅವನು ಕೈ ಕುಲುಕಿ ‘ಕಂಗ್ರಾಜುಲೇಷನ್ಸ್’ ಎಂದ. ನನ್ನ ಮುಖದ ಕಳೆ ನೋಡಿ ಮೊಮ್ಮಗಳ ಮದುವೆಯೇ ಗೊತ್ತಾಯಿತು ಎಂದುಕೊಂಡನೋ ಏನೋ. ಇಂಚರಾಗೆ ಏಳು ವರ್ಷ, ಎರಡನೇ ಕ್ಲಾಸು.

ಮಗುವಿಗೆ ಗೆಳತಿ ಸಿಕ್ಕಿದ್ದಕ್ಕೆ ಇಷ್ಟೊಂದು ಕುಣಿದಾಟವೇ ಎಂದು ನೀವು ಕೇಳಬಹುದು. ನಮ್ಮ ಮನೆಯ ಈ ಎರಡು ತಿಂಗಳನ್ನು ನೋಡಿದ್ದರೆ ಕೇಳುತ್ತಿರಲಿಲ್ಲ. ಮಗ ರವಿಗೆ ಕ್ರ್ಯಾನ್‌ಬರಿ ಎಂಬ ಊರಿನ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿ, ಆಗಸ್ಟಿನಲ್ಲಿ ಟೆಕ್ಸಾಸ್ ಬಿಟ್ಟು ನ್ಯೂಜೆರ್ಸಿಗೆ, ನಮ್ಮ ಹತ್ತಿರಕ್ಕೇ ಬಂದರು. ನನಗೂ ನನ್ನ ಹೆಂಡತಿ ಜಯಳಿಗೂ ಕೈಗೆ ಆಕಾಶ ಸಿಕ್ಕಿದ ಹಾಗಾಯಿತು. ಆದರೆ ಹೊಸ ಶಾಲೆಗೆ ಹೋದ ಮಗು ಬಾಯಿಯನ್ನೇ ಬಿಡಲಿಲ್ಲ. ಟೀಚರ್ ಕೇಳಿದರೆ ತಲೆ ಆಡಿಸುತ್ತಾಳಂತೆ. ಊಟದ ಹೊತ್ತಿನಲ್ಲಿ ಮೇಜಿನ ಕೊನೆಯಲ್ಲಿ ಒಬ್ಬಳೇ ಕೂರುತ್ತಾಳಂತೆ. ಬರಬರುತ್ತಾ ಮನೆಯಲ್ಲೂ ಮಾತು ಇಂಗಿಹೋಯಿತು. ಏನು ಕೇಳಿದರೂ ‘ಎಸ್’, ಇಲ್ಲವೇ ‘ನೋ’. ಟೀಚರ್ ಕರೆಸಿ ಮಾತಾಡಿದ ದಿನ ಸೊಸೆ ದೀಪ್ತಿ ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಎಷ್ಟೋ ಹೊತ್ತು ಒಳಗೇ ಕೂತಿದ್ದಳು. ಮನೆಯೊಳಗೆ ಬಂದವಳು, “ಮಾವ, ಅವಳ ಧ್ವನಿ ಹೇಗಿದೆ ಅಂತಾನೇ ಟೀಚರ್‌ಗೆ ಗೊತ್ತಿಲ್ಲವಂತೆ” ಎಂದು ಅತ್ತುಬಿಟ್ಟಳು.

ಅಷ್ಟರಲ್ಲಿ ಹ್ಯಾಲೋವೀನ್ ಬಂತು. ಇಲ್ಲಿನ ಶಾಲೆಗಳಲ್ಲಿ ಆಗ ಮಕ್ಕಳೆಲ್ಲ ವೇಷ ಹಾಕಿಕೊಂಡು ಮೈದಾನದ ಸುತ್ತ ಮೆರವಣಿಗೆ ಹೋಗುತ್ತಾರೆ, ಮನೆಯವರು ಹಗ್ಗದ ಆಚೆ ನಿಂತು ಫೋಟೋ ಹಿಡಿಯುತ್ತಾರೆ. ದೀಪ್ತಿ ಚಿಟ್ಟೆ, ರಾಣಿ, ಬೆಕ್ಕು ಎಂದು ಬಗೆಬಗೆಯ ವೇಷಗಳನ್ನು ಫೋನಿನಲ್ಲಿ ತೋರಿಸಿದಳು. ಇಂಚರಾ ಯಾವುದೂ ಬೇಡ ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಒಂದು ಪೂರ್ತಿ ವಾಕ್ಯ ಬಂತು: “ಐ ಡೋಂಟ್ ವಾಂಟ್ ಎನಿಒನ್ ಟು ಸೀ ಮಿ.” ಯಾರೂ ನನ್ನನ್ನು ನೋಡಬಾರದು.

ನನ್ನ ಇಂಗ್ಲಿಷ್ ಇವತ್ತಿಗೂ ಅರ್ಧಂಬರ್ಧ. ಆದರೆ ಆ ಮಾತು ನನಗೆ ಅರ್ಥವಾದಷ್ಟು ಮನೆಯಲ್ಲಿ ಇನ್ನಾರಿಗೂ ಅರ್ಥವಾಗಿರಲಿಕ್ಕಿಲ್ಲ. ನಾನು ಅದೇ ಮಾತಿನೊಳಗೆ ವರ್ಷಗಟ್ಟಲೆ ಬದುಕಿದವನು.

ನಾನು ಓದಿದ್ದು ಅಷ್ಟಕ್ಕಷ್ಟೇ. ನರ್ಸ್ ಆಗಿದ್ದ ನಮ್ಮಕ್ಕ ಕರೆಸಿಕೊಂಡಳು ಎಂದು ಜಯಳನ್ನೂ ಪುಟ್ಟ ರವಿಯನ್ನೂ ಕಟ್ಟಿಕೊಂಡು ಮಂಡ್ಯದ ಕಡೆಯಿಂದ ನ್ಯೂಜೆರ್ಸಿಗೆ ಬಂದೆ. ಸಿಕ್ಕಿದ್ದು ಹೆದ್ದಾರಿ ಪಕ್ಕದ ಒಂದು ಬರ್ಗರ್ ಅಂಗಡಿಯಲ್ಲಿ ನೆಲ ಒರೆಸುವ, ಆಲೂಗಡ್ಡೆ ಕರಿಯುವ ಕೆಲಸ. ಗಿರಾಕಿಗಳು ಏನಾದರೂ ಕೇಳಿದರೆ ಹಲ್ಲು ಕಿರಿದು ಅಡುಗೆಮನೆಗೆ ಓಡುತ್ತಿದ್ದೆ. ಬಾಯಿ ಬಿಟ್ಟರೆ ತಪ್ಪು ಉದುರುತ್ತದೆ ಎಂಬ ಭಯ.

ಆ ಅಂಗಡಿಗೆ ಮೂರು ಗೊಂಬೆಗಳಿದ್ದವು. ಪಟ್ಟೆ ಪ್ಯಾಂಟು ಹಾಕಿಕೊಂಡ ಒಂದು ಆಲೂಗಡ್ಡೆ, ಕರಿದ ಈರುಳ್ಳಿ ಚಕ್ರಗಳನ್ನೇ ಮೊಣಕೈವರೆಗೆ ಬಳೆಯಾಗಿ ತೊಟ್ಟ ಒಬ್ಬ ಹೆಂಗಸು, ಮೀಸೆ ಬಿಟ್ಟ ಒಂದು ಹಾಲಿನ ಲೋಟ. ಅವಕ್ಕೆಲ್ಲ ಇಂಗ್ಲಿಷ್ ಹೆಸರುಗಳಿದ್ದವು, ನನ್ನ ನಾಲಿಗೆಗೆ ಹೊರಳಲಿಲ್ಲ. ನಾನೇ ಗೆಡ್ಡೆಪ್ಪ, ಬಳೆಯಮ್ಮ, ಹಾಲಪ್ಪ ಎಂದು ನಾಮಕರಣ ಮಾಡಿಕೊಂಡೆ. ಶನಿವಾರ ಬೆಳಗ್ಗೆ ಟೀವಿಯಲ್ಲಿ ಮಕ್ಕಳ ಕಾರ್ಟೂನಿನ ನಡುವೆ ಈ ಮೂವರೂ ಒಂದು ಕಾರಿನಲ್ಲಿ ಕುಣಿಯುತ್ತಾ ಬರುತ್ತಿದ್ದರು. ರವಿ ಹಾಲಿನ ಲೋಟ ಹಿಡಿದುಕೊಂಡವನು ಹಾಗೇ ಕಂಬವಾಗುತ್ತಿದ್ದ. ಅಂಗಡಿಯವರು ಮಕ್ಕಳಿಗೆ ಗೊಂಬೆಗಳ ಚಿತ್ರವಿದ್ದ ಪ್ಲಾಸ್ಟಿಕ್ ಲೋಟ ಕೊಡುತ್ತಿದ್ದರು. ಅದರಲ್ಲೊಂದು ನಮ್ಮ ಮನೆಯಲ್ಲಿ ಇನ್ನೂ ಇದೆ. ಜಯ ಅದರಲ್ಲೇ ಅಕ್ಕಿ ಅಳೆಯುವುದು. ಗೆಡ್ಡೆಪ್ಪನ ಮುಖವೆಲ್ಲ ಸವೆದು ಪ್ಯಾಂಟು ಮಾತ್ರ ಉಳಿದಿದೆ.

ಒಂದು ಶನಿವಾರ ಅಂಗಡಿಯಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬ. ಗೆಡ್ಡೆಪ್ಪನ ವೇಷ ಹಾಕುವ ಹುಡುಗ ಕೆಲಸಕ್ಕೆ ಬಂದಿಲ್ಲ. ಮ್ಯಾನೇಜರ್ ಒಬ್ಬೊಬ್ಬರ ಮುಖವನ್ನೂ ನೋಡಿದ, ಎಲ್ಲರೂ ಸೂರು ನೋಡತೊಡಗಿದರು. ನಾನು ಕೈ ಎತ್ತಿದೆ. ಯಾಕೆಂದರೆ ನಮ್ಮ ಮನೆತನದವರೆಲ್ಲ ಗಾರುಡಿ ಗೊಂಬೆ ಹೊರುವವರು. ಆಳೆತ್ತರದ ಮೇಲೆ ಇನ್ನೊಂದು ಆಳೆತ್ತರದ, ಬಿದಿರು ತಡಿಕೆಯ ಟೊಳ್ಳು ಗೊಂಬೆಯ ಒಳಹೊಕ್ಕು, ಭಾರವನ್ನು ಹೆಗಲಿಗೆ ಕೊಟ್ಟು, ಗೊಂಬೆಯ ಹೊಟ್ಟೆಯ ಕಿಂಡಿಯಿಂದ ದಾರಿ ನೋಡಿಕೊಂಡು, ತಮಟೆಗೆ ಸರಿಯಾಗಿ ತೂಗಬೇಕು. ಚಿಕ್ಕಪ್ಪ ನನಗೆ ಕಲಿಸಿದ್ದು ಅದೊಂದೇ ವಿದ್ಯೆ. ಅಮೆರಿಕದಲ್ಲಿ ಅದಕ್ಕೆ ಕೆಲಸ ಸಿಗುತ್ತದೆ ಎಂದು ಯಾರು ಕಂಡಿದ್ದರು!

ಗೊಂಬೆಯ ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟು, ಗೊಂಬೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನಾನು ಅಂಗಡಿಯ ಸ್ಪಂಜಿನ ಆಲೂಗಡ್ಡೆಗೂ ಹಾಗೇ ಮಾಡಿದೆ. ಶೂ ಬಿಚ್ಚಿ ಗೋಡೆಗೆ ಒತ್ತಿಟ್ಟೆ, ಕಣ್ಣಿಗೊತ್ತಿಕೊಂಡೆ, ಒಳಹೊಕ್ಕು ಬರಿಗಾಲಲ್ಲಿ ಹೊರಟೆ. ಹಿಂದಿನಿಂದ ಮ್ಯಾನೇಜರ್ “ಶೂಸ್! ಶೂಸ್!” ಎಂದು ಕೂಗಿಕೊಂಡ. ಬರಿಗಾಲು ಅಲ್ಲಿ ಮಹಾಪರಾಧವೆಂದು ನನಗೇನು ಗೊತ್ತು? ಶೂ ಬಿಟ್ಟಿದ್ದನ್ನು ಮೆಚ್ಚಿಕೊಂಡ ಎಂದು ತಿಳಿದು, ಆಲೂಗಡ್ಡೆಯ ದಪ್ಪ ಕೈಗಳನ್ನು ಜೋಡಿಸಿ ಅವನಿಗೊಂದು ನಮಸ್ಕಾರ ಹಾಕಿದೆ. ಆಮೇಲೆ ನಾಲ್ಕು ದಿಕ್ಕಿಗೂ ಹಾಕಿ, ತಲೆಯೊಳಗೆ ತಮಟೆ ಬಾರಿಸಿಕೊಂಡು ತೂಗಲು ಶುರುಮಾಡಿದೆ. ಮಕ್ಕಳೆಲ್ಲ ಎದ್ದು ನಿಂತು ಕೈ ಜೋಡಿಸಿದವು! ಅಲ್ಲಿಂದ ಮುಂದೆ ನಮ್ಮ ಅಂಗಡಿಯಲ್ಲಿ ಗೆಡ್ಡೆಪ್ಪನನ್ನು ಕಂಡರೆ ಮಕ್ಕಳು ಮಾಡುತ್ತಿದ್ದುದು ನಮಸ್ಕಾರವೇ. ಮ್ಯಾನೇಜರ್ ನನಗೊಂದು ಜೊತೆ ರಬ್ಬರ್ ಶೂ ತಂದುಕೊಟ್ಟು, ಶನಿವಾರಗಳನ್ನೆಲ್ಲ ನನಗೇ ವಹಿಸಿಬಿಟ್ಟ.

ನನ್ನ ಇಂಗ್ಲಿಷ್ ಹುಟ್ಟಿದ್ದು ಆ ಆಲೂಗಡ್ಡೆಯ ಹೊಟ್ಟೆಯಲ್ಲಿ. ಮಕ್ಕಳು ಕೇಳುತ್ತಿದ್ದವು: ನಿನ್ನ ಮನೆ ಎಲ್ಲಿ, ನಿನಗೆ ಅಮ್ಮ ಇದ್ದಾಳಾ, ಎಣ್ಣೆಗೆ ಬಿದ್ದರೆ ನೋಯುತ್ತಾ? ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಬಾಯಿ ನನ್ನದು, ಮುಖ ಆಲೂಗಡ್ಡೆಯದು. ತಪ್ಪಾದರೆ ಹೋಗುವ ಮಾನ ಅದರದ್ದೇ! ಹಾಗೆ ಒಳಗೆ ಕೂತು ಕಲಿತ ಮಾತು ಮೆಲ್ಲಮೆಲ್ಲಗೆ ನನ್ನ ಜೊತೆ ಹೊರಗೂ ಬಂತು. ಅಕ್ಕ ರವಿಯನ್ನೊಮ್ಮೆ ಅಂಗಡಿಗೆ ಕರೆತಂದಿದ್ದಳು. ಅವನು ಗೆಡ್ಡೆಪ್ಪನ ಕೈ ಕುಲುಕಿ, ಸಂಜೆ ಮನೆಗೆ ಬಂದ ನನಗೆ ಅದನ್ನೇ ಹತ್ತಾರು ಸಲ ಹೇಳಿದ. ನಾನು ಪ್ರತಿ ಸಲವೂ “ಹೌದಾ! ನಿಜವಾಗ್ಲೂ?” ಎಂದು ಬೆರಗಾದೆ.

ಈಗ ಆ ಅಂಗಡಿಯೂ ಇಲ್ಲ, ಅಂಥ ಗೊಂಬೆಗಳೂ ಕಾಣುವುದಿಲ್ಲ. ಕಾರಣ ನನಗೂ ಗೊತ್ತು. ಅವು ಮಕ್ಕಳನ್ನು ಮರುಳು ಮಾಡಿ, ಮಕ್ಕಳ ಕೈಯಿಂದ ಅಪ್ಪ ಅಮ್ಮನನ್ನು ಎಳೆಸಿ, ಎಣ್ಣೆ ಸಕ್ಕರೆ ತಿನ್ನಿಸುತ್ತವೆ ಎಂದು ಡಾಕ್ಟರುಗಳೂ ತಾಯಂದಿರೂ ಗಲಾಟೆ ಮಾಡಿದರು. ಅವರು ಹೇಳಿದ್ದು ಸರಿಯೇ. ನಮ್ಮೂರಿನ ಗೊಂಬೆ ಯಾರ ಮನೆಯ ದೃಷ್ಟಿಯನ್ನಾದರೂ ತೆಗೆಯುತ್ತಿತ್ತೇ ಹೊರತು ಏನನ್ನೂ ಮಾರುತ್ತಿರಲಿಲ್ಲ. ಆದರೂ ಈಗಿನ ಬರ್ಗರ್ ಅಂಗಡಿಗೆ ಹೋದರೆ ನನಗೆ ಹಲ್ಲಿನ ಡಾಕ್ಟರ ಹತ್ತಿರ ಬಂದಂತಾಗುತ್ತದೆ. ಬೂದು ಗೋಡೆ, ಬೂದು ಕುರ್ಚಿ. ಗಾಜಿನ ಪರದೆ ಒತ್ತಿದರೆ ತಿಂಡಿ ಬರುತ್ತದೆ. ಒಂದು ಮಗು ಬಾಗಿಲು ತಳ್ಳಿಕೊಂಡು ಬಂದರೆ ‘ಬಾರಪ್ಪ, ನಿನ್ನನ್ನೇ ಕಾಯುತ್ತಿದ್ದೆ’ ಎನ್ನುವ ಒಂದು ಮುಖ ಅಲ್ಲಿಲ್ಲ. ತಿಂಡಿಯ ಆಸೆ ತೋರಿಸದೆ, ಬರೀ ಕಾಯುವುದಕ್ಕೆ ಅಂತಲೇ ಒಂದು ಗೊಂಬೆಯನ್ನು ಇಟ್ಟರೆ ಆಗದೇ? ಹೀಗೆಲ್ಲ ಯೋಚಿಸುವವನು ವ್ಯಾಪಾರ ಮಾಡಲಿಕ್ಕೆ ನಾಲಾಯಕ್ಕು, ಅದೂ ನನಗೆ ಗೊತ್ತು.

ಇರಲಿ. ಯಾರೂ ನೋಡಬಾರದು ಎನ್ನುವ ಮಗುವಿಗೆ ಏನು ಬೇಕು ಎಂದು ನನಗೆ ಥಟ್ಟನೆ ಹೊಳೆಯಿತು. ರವಿಯ ಮನೆಗೆ ದಿನಬೆಳಗಾದರೆ ಬಂದು ಬೀಳುವ ರಟ್ಟಿನ ಡಬ್ಬಗಳಿಗೇನು ಬರವೇ? ದೊಡ್ಡ ಡಬ್ಬಗಳನ್ನು ಬಿಡಿಸಿ, ಇಂಚರಾ ಸೊಂಟಕ್ಕೆ ಹಾಕಿ ತಿರುಗಿಸುವ ಎರಡು ದೊಡ್ಡ ಆಟದ ಬಳೆಗಳನ್ನು ಒಳಗೆ ಕೊಟ್ಟು, ಮೇಲೆ ಕಂದು ಕಾಗದವನ್ನು ಮೈದಾ ಅಂಟಿನಲ್ಲಿ ಮೆತ್ತತೊಡಗಿದೆ. ಇಂಚರಾ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

ಜಯ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ರೀ, ಇದು ಆಲೂಗಡ್ಡೆ ಥರ ಎಲ್ಲಿದೆ? ಹಲಸಿನಹಣ್ಣು ಬಸುರಾದಂಗಿದೆ.”

ಕೆಲಸ ಮುಗಿಸಿ ಬಂದ ರವಿ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಆಫೀಸಿನ ಬಟ್ಟೆಯಲ್ಲೇ ನೆಲಕ್ಕೆ ಕೂತು, “ಅಪ್ಪಾ, ಪಟ್ಟೆ ಪ್ಯಾಂಟು ಎಲ್ಲಿ? ಪಟ್ಟೆ ಇಲ್ಲದೆ ಇವನು ಗೆಡ್ಡೆಪ್ಪ ಹೆಂಗಾಗ್ತಾನೆ?” ಎಂದು ಬ್ರಷ್ ಕಿತ್ತುಕೊಂಡ.

“ನಿನಗೆ ನೆನಪಿದೆಯೇನೋ?” ಎಂದೆ. “ಅವತ್ತು ನೀನು ಕೈ ಕುಲುಕಿದ್ದು ಯಾರಿಗೆ ಗೊತ್ತಾ?”

“ನಂಗೆ ಅವತ್ತೇ ಗೊತ್ತಿತ್ತಪ್ಪಾ” ಎಂದ ನನ್ನ ಮಗ, ಪಟ್ಟೆ ಎಳೆಯುತ್ತಾ. “ಅಮೆರಿಕದ ಆಲೂಗಡ್ಡೆಗೆ ಕೊಬ್ಬರಿ ಎಣ್ಣೆ ವಾಸನೆ ಯಾಕೆ ಬರುತ್ತೆ? ನೀನು ಅಷ್ಟು ಖುಷಿಯಾಗಿ ನಟಿಸ್ತಿದ್ದೆ, ಹಾಳು ಮಾಡೋದು ಬೇಡ ಅನ್ನಿಸ್ತು.”

ಇಷ್ಟು ವರ್ಷ ಅವನನ್ನು ಏಮಾರಿಸಿದೆ ಎಂದು ಬೀಗುತ್ತಿದ್ದವನು ನಾನು! ಮೆಟ್ಟಿಲ ಮೇಲಿನಿಂದ ಒಂದು ಪುಟ್ಟ ದನಿ ಬಂತು. “ತಾತ, ಯೂ ವರ್ ಅ ಪೊಟೇಟೋ?”

“ಎಸ್ ಕಣಮ್ಮ. ವೆರಿ ಗುಡ್ ಪೊಟೇಟೋ” ಎಂದೆ.

ಅವಳು ಇಳಿದು ಬಂದಳು. ಚಪ್ಪಲಿ ಬಿಡಿಸಿದೆ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ತೋರಿಸಿದೆ, ಗೊಂಬೆಯನ್ನು ಅವಳ ಹೆಗಲಿಗೆ ಏರಿಸಿ ಹಿತ್ತಲಲ್ಲಿ ತೂಗುವುದನ್ನು ಕಲಿಸಿದೆ. ನನ್ನ ಮಂಡಿ ಈಗ ಕುಣಿಯುವುದಿಲ್ಲ, ಹಾಗಾಗಿ ನಾನು ಬಕೆಟ್ ಬಾರಿಸಿದೆ. ಶಾಲೆಗೆ ಮಾತ್ರ ಬರಿಗಾಲು ಬೇಡ ಎಂದು ದೀಪ್ತಿ ಕಟ್ಟುನಿಟ್ಟಾಗಿ ಹೇಳಿದಳು.

ಇವತ್ತು ಮೆರವಣಿಗೆ. ನಾವು ನಾಲ್ವರೂ ಹಗ್ಗದ ಹಿಂದೆ ನಿಂತಿದ್ದೆವು. ದೀಪ್ತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ರಾಣಿಯರೂ ಹುಲಿಗಳೂ ದೆವ್ವಗಳೂ ದಾಟಿಹೋದ ಮೇಲೆ ಬಾಗಿಲಲ್ಲಿ ಗೆಡ್ಡೆಪ್ಪ ಕಾಣಿಸಿಕೊಂಡ. ಅಲ್ಲೇ ನಿಂತ. ಹಿಂದಿನ ಮಕ್ಕಳು ಪಕ್ಕದಿಂದ ದಾಟಿಕೊಂಡು ಮುಂದೆ ಹೋದರು. ಆಲೂಗಡ್ಡೆ ಅಲುಗಲೇ ಇಲ್ಲ. “ವಾಪಸ್ ಕರ್ಕೊಂಡ್ ಬರ್ತೀನಿ ಮಾವ” ಎಂದು ದೀಪ್ತಿ ಹಗ್ಗ ಎತ್ತಿದಳು. ನನಗೆ ತಡೆಯಲಾಗಲಿಲ್ಲ. ಬಕೆಟ್ ಇರಲಿಲ್ಲ, ಕೈಯನ್ನೇ ತಟ್ಟಿದೆ. “ತೂಗು ಕಂದಾ! ಎಡಕ್ಕೆ ತೂಗು, ಬಲಕ್ಕೆ ತೂಗು!” ಜಯಳೂ ತಟ್ಟಿದಳು, ರವಿಯೂ ತಟ್ಟಿದ. ಆಲೂಗಡ್ಡೆ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಆಮೇಲೆ ಹೊರಟೇಬಿಟ್ಟಿತು!

ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು ನಮ್ಮ ಕಡೆ ತಿರುಗಿದಳು. “ಅಂಕಲ್, ಕನ್ನಡದವರಾ? ಅದೇನು ಗಾರುಡಿ ಗೊಂಬೆ ಥರಾನೇ ಕುಣೀತಿದೆಯಲ್ಲ! ನಾವು ಮೈಸೂರಿನೋರು, ದಸರಾ ಮೆರವಣಿಗೇಲಿ ನೋಡ್ತಾನೇ ಬೆಳೆದಿದ್ದು.” ಹೆಸರು ಶಬಾನಾ ಎಂದಳು. “ಓ ಅಲ್ಲಿ ಗೂಬೆ ವೇಷ ಹಾಕ್ಕೊಂಡಿದ್ದಾಳಲ್ಲ, ಅವಳೇ ನನ್ನ ಮಗಳು, ಜೋಯಾ.”

ಆ ಗೂಬೆ ಆಗಲೇ ಸಾಲು ಬಿಟ್ಟು ಆಲೂಗಡ್ಡೆಯ ಹತ್ತಿರ ಬಂದು, ಹೊಟ್ಟೆಯ ಕಿಂಡಿಗೆ ಕಣ್ಣಿಟ್ಟು ನೋಡುತ್ತಿತ್ತು. “ಹೂ ಈಸ್ ಇನ್ ದೇರ್?” ಎಂದು ಕೂಗಿತು.

ನಾನು ಚಪ್ಪಾಳೆ ನಿಲ್ಲಿಸಿದೆ. ನಮ್ಮ ಮುಂದೆಯೇ, ರಟ್ಟಿನ ಹೊಟ್ಟೆಯೊಳಗಿಂದ, ಟೀಚರ್ ಒಮ್ಮೆಯೂ ಕೇಳಿರದ ದನಿ ದಪ್ಪಗೆ ಹೊರಟಿತು. “ಐ ಆ್ಯಮ್ ಗೆಡ್ಡೆಪ್ಪ!” ಗೂಬೆ ಇನ್ನೇನೋ ಕೇಳಿತು. ಒಳಗಿಂದ ಇನ್ನೇನೋ ಉತ್ತರ. ಮತ್ತೆ ಪ್ರಶ್ನೆ, ಮತ್ತೆ ಉತ್ತರ, ನಗು. ಕೊನೆಗೆ ಗೂಬೆ “ಕ್ಯಾನ್ ಐ ಕಮ್ ಇನ್?” ಎಂದಿತು. ಆಲೂಗಡ್ಡೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಒಂದು ಪಕ್ಕ ಮೇಲೆದ್ದಿತು, ಗೂಬೆ ಬಗ್ಗಿ ಒಳಗೆ ನುಗ್ಗಿತು. ಮಿಕ್ಕ ಮೈದಾನವನ್ನೆಲ್ಲ ನಾಲ್ಕು ಕಾಲಿನ ಆಲೂಗಡ್ಡೆಯೊಂದು ತೂರಾಡುತ್ತಾ, ಕಿಲಕಿಲ ನಗುತ್ತಾ ಸುತ್ತಿ ಬಂತು. ದೀಪ್ತಿ ಫೋನ್ ಹಿಡಿದಿದ್ದಳು, ಆದರೆ ಕಣ್ಣು ಮಂಜಾಗಿ ಒಂದು ಫೋಟೋವೂ ಸರಿಯಾಗಿ ಬರಲಿಲ್ಲ.

ಸಂಜೆ ಎಲ್ಲರೂ ರವಿಯ ಮನೆಯಲ್ಲೇ ಊಟಕ್ಕೆ ಕೂತೆವು. ಜಯ ಮುದ್ದೆ, ಬಸ್ಸಾರು ಮಾಡಿದ್ದಳು. ಇಂಚರಾ ತಟ್ಟೆಯ ಮುಂದೆ ಕೂತವಳು ಶುರುಮಾಡಿದಳು. ಜೋಯಾಗೆ ಒಂದು ಹಲ್ಲು ಬಿದ್ದಿದೆಯಂತೆ. ಅವಳ ಮನೆಯಲ್ಲಿ ಆಮೆ ಇದೆಯಂತೆ. ಸೋಮವಾರ ಊಟದ ಹೊತ್ತಿಗೆ ಇಬ್ಬರೂ ಒಟ್ಟಿಗೆ ಕೂರುತ್ತಾರಂತೆ. ಗೂಬೆಗೆ ಕತ್ತು ಪೂರ್ತಿ ತಿರುಗುತ್ತದಂತೆ, ಜೋಯಾಗೆ ತಿರುಗಲ್ಲವಂತೆ, ನೋಡಿದರಂತೆ. ಅರ್ಧ ನನಗೆ ತಿಳಿಯಿತು, ಅರ್ಧವನ್ನು ರವಿ ಕನ್ನಡ ಮಾಡಿದ. ತಟ್ಟೆಯ ಮುದ್ದೆ ಮುರಿದೇ ಇರಲಿಲ್ಲ.

“ಮಾತು ಸಾಕು ಕಣೇ ಇಂಚರಾ, ಮೊದಲು ಊಟ ಮಾಡು” ಎಂದಳು ದೀಪ್ತಿ.

ಅಂದವಳು ಹಾಗೇ ನಿಂತುಬಿಟ್ಟಳು, ಸೌಟು ಕೈಯಲ್ಲೇ ಉಳಿಯಿತು. ಆಗಸ್ಟಿನಿಂದ ಈಚೆಗೆ ಆ ಮನೆಯಲ್ಲಿ ಯಾರಿಗೂ ಆ ಮಾತನ್ನು ಆಡುವ ಭಾಗ್ಯವೇ ಬಂದಿರಲಿಲ್ಲ. ರವಿ ಅವಳನ್ನು ನೋಡಿದ, ನಾನು ಜಯಳನ್ನು ನೋಡಿದೆ.

“ಇಲ್ಲಮ್ಮ, ಇಲ್ಲ, ನೀನು ಮಾತಾಡು” ಎಂದು ದೀಪ್ತಿ ಅಳುನಗುವಿನಲ್ಲಿ ಕೂತಳು. “ಊಟ ಎಲ್ಲಿಗೂ ಹೋಗಲ್ಲ.”

ಇಂಚರಾ ಮಾತಾಡಿದಳು. ಜೋಯಾಳ ಆಮೆ ಏನು ತಿನ್ನುತ್ತದೆ ಎನ್ನುವಲ್ಲಿಗೆ ಬರುವ ಹೊತ್ತಿಗೆ ಬಸ್ಸಾರು ತಣ್ಣಗೆ ಆರಿಹೋಗಿತ್ತು. ನಾವೆಲ್ಲ ಅದನ್ನೇ ಎರಡೆರಡು ಸಲ ಬಡಿಸಿಕೊಂಡೆವು.