ನಾನು ವಾಪಸ್ ಎಸೆದ ಚೆಂಡು

ಬೇಸ್‌ಬಾಲ್ ಮೇಲೆ ನನಗೆ ಮೊದಲಿನಿಂದಲೂ ಒಂದು ಸಿಟ್ಟು. ಮೈಸೂರಿನ ಮೈದಾನದಲ್ಲಿ ವರ್ಷಗಟ್ಟಲೆ ಸ್ಲಿಪ್‌ನಲ್ಲಿ ನಿಂತು ಬರಿಗೈಯಲ್ಲಿ ಕ್ಯಾಚ್ ಹಿಡಿದವನು ನಾನು. ಈಗ ನಾವಿರುವ ಈ ದೇಶದಲ್ಲಿ ನೋಡಿದರೆ ಒಂಬತ್ತು ಜನ ಗಟ್ಟಿಮುಟ್ಟಾದ ಗಂಡಸರು ಮೊರದಷ್ಟು ಅಗಲದ ಚರ್ಮದ ಗ್ಲೌಸ್ ಹಾಕಿಕೊಂಡು ಕ್ಯಾಚ್ ಹಿಡಿಯುತ್ತಾರೆ. ಹಿಡಿದ ಮೇಲೆ ಏನೋ ಘನಕಾರ್ಯ ಮಾಡಿದವರ ಹಾಗೆ ಉಗುಳುತ್ತಾರೆ ಬೇರೆ. ಇದನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆದ ಕೂಡಲೇ ನನ್ನ ಹೆಂಡತಿ ಮಿಕ್ಸಿ ಆನ್ ಮಾಡುತ್ತಿದ್ದಳು.

ನನ್ನ ಮಗಳಿಗೆ ಹತ್ತು ವರ್ಷ. ಇಲ್ಲಿಯ ಫ್ಲೂಗರ್‌ವಿಲ್ ಎಂಬ ಊರಿನಲ್ಲೇ ಬೆಳೆದವಳು, ಬೇಸ್‌ಬಾಲ್ ಎಂದರೆ ಪ್ರಾಣ. ಈ ಮಾರ್ಚ್‌ನಲ್ಲಿ ಅವಳ ಕ್ಲಾಸಿನಲ್ಲಿ ಒಂದು ಚಾರ್ಟ್ ಮಾಡಲು ಹೇಳಿದ್ದರು: ಇಷ್ಟವಾದ ವಿಷಯದ ಚರಿತ್ರೆಯಲ್ಲಿ ಮರೆಯಲಾಗದ ಆರು ಗಳಿಗೆ, ಆರು ಚೌಕ. ಸೀಸನ್ ಶುರುವಾಗುವುದು ವಸಂತದ ಮೊದಲಲ್ಲಿ, ಆದ್ದರಿಂದ ಆಗ ನಡೆದ ಸಂಗತಿಗಳನ್ನೇ ಹಾಕುತ್ತೇನೆಂದು ಹಟ ಹಿಡಿದಳು. ಕಪ್ಪು ಜನರಿಗೆ ಮುಚ್ಚಿದ್ದ ಬಾಗಿಲನ್ನು ದಾಟಿ ಮೊದಲ ಸಲ ಮೈದಾನಕ್ಕಿಳಿದ ಆಟಗಾರ ಒಂದು ಚೌಕದಲ್ಲಿ ಬಂದ. ಅತಿ ಹೆಚ್ಚು ಹೋಮ್ ರನ್ನುಗಳ, ಅಂದರೆ ಬೇಸ್‌ಬಾಲಿನ ಸಿಕ್ಸರ್‌ಗಳ, ಹಳೆಯ ದಾಖಲೆ ಮುರಿದವನು ಇನ್ನೊಂದರಲ್ಲಿ. ಮತ್ತೊಂದರಲ್ಲಿ, ತಯಾರಿ ಪಂದ್ಯದಲ್ಲಿ ವೇಗದ ಚೆಂಡಿಗೆ ಅಡ್ಡ ಬಂದು ಪುಕ್ಕಪುಕ್ಕವಾಗಿ ಹೋದ ಪಾಪದ ಹಕ್ಕಿ. ಆ ಪುಕ್ಕಗಳನ್ನು ಬಿಡಿಸಲು ಅವಳು ಎರಡು ದಿನ ತೆಗೆದುಕೊಂಡಳು. ಹೀಗೆ ಐದು ಚೌಕ ತುಂಬಿದವು.

ಆರನೆಯದನ್ನು ಖಾಲಿ ಬಿಟ್ಟಿದ್ದಳು. ಅದು ತಾನೇ ಕಣ್ಣಾರೆ ಕಂಡ ಗಳಿಗೆಗೆ. ಪ್ರೇಕ್ಷಕರ ಕಡೆಗೆ ಸಿಡಿದು ಬರುವ ಚೆಂಡೊಂದನ್ನು ಹಿಡಿದು, ಅದರ ಫೋಟೋ ಅಲ್ಲಿ ಅಂಟಿಸಬೇಕೆಂಬುದು ಅವಳ ಆಸೆ. ಮೂರು ವರ್ಷದಿಂದ ಪ್ರತಿ ಪಂದ್ಯಕ್ಕೂ ಪುಟ್ಟ ಗ್ಲೌಸ್ ಹಾಕಿಕೊಂಡು ಹೋಗಿ ಕೂರುತ್ತಿದ್ದಳು. ಒಂದು ಚೆಂಡೂ ಹತ್ತಿರ ಸುಳಿದಿರಲಿಲ್ಲ. ಚಾರ್ಟ್ ಕೊಡಲು ನಾಲ್ಕು ದಿನವಿತ್ತು.

ಹಾಗಾಗಿ ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದೂರದ ಮೈದಾನಕ್ಕೆ ಮೂವರೂ ಹೋದೆವು. ಹೆಂಡತಿ ಧಾರವಾಡದವಳು. ಅವಳು ಬರುವುದು ಅಲ್ಲಿ ಮಾರುವ ಶೇಂಗಾಕ್ಕೆ; ಆಟ ಯಾರು ಗೆದ್ದರೆಂದು ಅವಳಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಮಗಳು ಗ್ಲೌಸ್ ತೆರೆದು ಸೀಟಿನ ತುದಿಯಲ್ಲಿ ಕೂತಿದ್ದಳು. ನಾನು ಎಂದಿನಂತೆ ಗೊಣಗುತ್ತಿದ್ದೆ.

ಆಗ ಟಪ್ ಎಂದಿತು. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ನೇರ ನಮ್ಮ ಕಡೆಗೇ ಬರುತ್ತಿತ್ತು. ನಾನು ಯೋಚಿಸಲಿಲ್ಲ. ಎದ್ದೆ, ಎಡಕ್ಕೆ ವಾಲಿದೆ, ಒಂದೇ ಕೈಯಲ್ಲಿ ಹಿಡಿದುಬಿಟ್ಟೆ! ಅಂಗೈಗೆ ಬೆಂಕಿ ಬಿದ್ದ ಹಾಗಾಯಿತು. ಸುತ್ತಲಿನ ಜನ ಹೋ ಎಂದು ಎದ್ದರು. ಆ ಹೋ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ನಾನು ಚೆಂಡನ್ನು ಹತ್ತಿರದ ಫೀಲ್ಡರ್‌ಗೆ ವಾಪಸ್ ಎಸೆದೆ. ಥ್ರೋ ಕೂಡ ಬಹಳ ಚೆನ್ನಾಗಿತ್ತು, ಸೀದಾ ಅವನ ಎದೆಮಟ್ಟಕ್ಕೆ.

ಚಪ್ಪಾಳೆಗೆ ಕಾದೆ. ಯಾರೂ ತಟ್ಟಲಿಲ್ಲ. ಫೀಲ್ಡರ್ ಚೆಂಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಮುಂದಿನ ಸಾಲಿನ ಟೋಪಿಯ ಅಜ್ಜ ತಿರುಗಿ, ಯಾರೋ ತೀರಿಕೊಂಡಾಗ ಕೇಳುವ ದನಿಯಲ್ಲಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ.

"ಅಪ್ಪಾ," ಎಂದಳು ಮಗಳು. "ಯು ಕೀಪ್ ಇಟ್. ಎವ್ರಿಬಡಿ ಕೀಪ್ಸ್ ಇಟ್."

"ಚೆಂಡು ಅವ್ರದ್ದಲ್ವೇನೇ? ಕೊಡದೆ ಇದ್ರೆ ಅವ್ರು ಆಟ ಆಡೋದು ಹೇಗೆ?"

ಹೇಗೆಂದು ಆಗಲೇ ಕಂಡಿತು. ಅಂಪೈರ್ ಎಲೆಅಡಿಕೆ ಸಂಚಿಯಂಥ ಸೊಂಟದ ಚೀಲಕ್ಕೆ ಕೈ ಹಾಕಿ ಹೊಸ ಚೆಂಡು ತೆಗೆದ. ಆ ಚೀಲದ ತುಂಬ ಚೆಂಡುಗಳೇ!

"ಏನ್ರೀ, ಬುದ್ಧಿ ಮನ್ಯಾಗ ಇಟ್ಟು ಬಂದೀರೇನು?" ಹೆಂಡತಿ ಮೊದಲ ಸಲ ಶೇಂಗಾ ಕೆಳಗಿಟ್ಟಳು. "ಹುಡುಗಿ ಕೈಯಾಗ ಕೊಡೂದು ಬಿಟ್ಟು ಅವಂಗ್ಯಾಕ ಒಗದ್ರಿ?"

ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ನನ್ನ ಕ್ಯಾಚನ್ನು ತೋರಿಸಿದರು. ಆಮೇಲೆ ಥ್ರೋ, ನಿಧಾನಗತಿಯಲ್ಲಿ, ಎರಡು ಸಲ. ಇಡೀ ಮೈದಾನ ನಕ್ಕಿತು. ನಾನು ಮಾತ್ರ ಪರದೆಯಲ್ಲಿ ಬೇರೇನೋ ಕಂಡೆ: ನನ್ನ ಪಕ್ಕದಲ್ಲಿ ಮಗಳು ಗ್ಲೌಸ್ ತೆರೆದು, ನಾನು ಚೆಂಡನ್ನು ಅದರೊಳಗೆ ಹಾಕುತ್ತೇನೆಂದು ಮೇಲಕ್ಕೆ ಹಿಡಿದಿದ್ದಳು. ನನಗೆ ಬಹಳ ನಾಚಿಕೆಯಾಯಿತು.

"ಅಂಗಡೀಲಿ ಹೊಸ ಚೆಂಡು ಕೊಡಿಸ್ತೀನಿ ಬಾ ಪುಟ್ಟಾ," ಎಂದೆ.

"ದಟ್ಸ್ ನಾಟ್ ಹಿಸ್ಟರಿ, ಅಪ್ಪಾ."

ಕಾರಿನಲ್ಲಿ ಅವಳು ಗ್ಲೌಸ್ ಕಳಚಿ ಮಡಿಲಲ್ಲಿಟ್ಟುಕೊಂಡಳು. ಊದಿದ ಕೈಯಲ್ಲಿ ಡ್ರೈವ್ ಮಾಡುತ್ತಾ ನಾನೇ ಬಡಬಡಿಸಿದೆ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಚೆಂಡು, ಮೋರಿಗೆ ಬಿದ್ದರೆ ತೊಳೆದು ಆಡುತ್ತಿದ್ದೆವು, ಯಾರದೋ ಕಾಂಪೌಂಡಿಗೆ ಹೋದರೆ ಅವತ್ತಿನ ಆಟ ಖತಂ. ದಾರಿಯಲ್ಲಿ ಹೋಗುವ ಪೊಲೀಸಿನವನಿಗೆ ಸಿಕ್ಕರೂ ಎಸೆದೇ ಮುಂದೆ ಹೋಗುತ್ತಿದ್ದ. ದೊಡ್ಡ ಸ್ಟೇಡಿಯಂನಲ್ಲೂ ಅಷ್ಟೇ, ವಾಪಸ್ ಕೊಡದವನು ಕಳ್ಳ. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಮನೆ ಸೇರುವಷ್ಟರಲ್ಲಿ ನಮ್ಮ ಕನ್ನಡ ಬಳಗದ ಗ್ರೂಪಿಗೆ ನನ್ನ ಥ್ರೋದ ವಿಡಿಯೋ ಬಂದು, ಎಲ್ಲರೂ ನಕ್ಕಾಗಿತ್ತು. ಪಕ್ಕದ ಊರು ಜಾರ್ಜ್‌ಟೌನಿನ ಅಂಕಲ್ ಒಬ್ಬರು ಮಾತ್ರ, ಚೆಂಡು ವಾಪಸ್ ಕೊಟ್ಟದ್ದು ಸರಿಯಾಗಿಯೇ ಇದೆಯಲ್ಲ, ಇದರಲ್ಲಿ ನಗುವುದೇನಿದೆ ಎಂದು ಕೇಳಿದ್ದರು. ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮುಂದಿನ ವಾರ ಚಾರ್ಟುಗಳನ್ನು ನೋಡಲು ಶಾಲೆಗೆ ಕರೆದಿದ್ದರು. ಆರನೆಯ ಚೌಕ ಖಾಲಿಯೇ ಇರುತ್ತದೆಂದು ಅಂಜುತ್ತಲೇ ಹೋದೆ. ಖಾಲಿ ಇರಲಿಲ್ಲ. ಪುಕ್ಕದ ಹಕ್ಕಿಯ ಪಕ್ಕದಲ್ಲೇ ದಪ್ಪ ಮೀಸೆಯ ಒಬ್ಬ ಮನುಷ್ಯ ಕೈ ಎತ್ತಿ ನಿಂತಿದ್ದ, ಚೆಂಡು ಅವನ ಕೈಯಿಂದ ಆಚೆ ಹಾರುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿದ್ದಳು. ನಮ್ಮಪ್ಪ ಬರಿಗೈಯಲ್ಲಿ ಕ್ಯಾಚ್ ಹಿಡಿದರು. ಆಮೇಲೆ ವಾಪಸ್ ಕೊಟ್ಟರು. ಅವರ ಊರಿನಲ್ಲಿ ಎಲ್ಲರಿಗೂ ಸೇರಿ ಒಂದೇ ಚೆಂಡು ಇತ್ತು.

ನನ್ನ ಕಣ್ಣು ತುಂಬಿ ಬಂತು. ಅದನ್ನು ಕಂಡ ಮಗಳು ಗಾಬರಿಯಾಗಿ ಅಕ್ಕಪಕ್ಕದಲ್ಲಿ ತನ್ನ ಫ್ರೆಂಡ್ಸ್ ಇದ್ದಾರೇನೋ ಎಂದು ನೋಡಿ, ಇನ್ನೂ ಊತ ಇಳಿಯದ ನನ್ನ ಕೈಯನ್ನು ಮೆಲ್ಲಗೆ ಹಿಡಿದಳು.

"ಇಟ್ಸ್ ಓಕೆ, ಅಪ್ಪಾ. ನೆಕ್ಸ್ಟ್ ಟೈಮ್ ನೀನು ಅಮ್ಮನ ಶೇಂಗಾ ಹಿಡ್ಕೋ. ಎರಡೂ ಕೈಯಲ್ಲಿ."